ಬೆರಕೆ ಊರು ಇವತ್ತಿನದಲ್ಲ

ಐಟಿ ಬಂದ ಮೇಲೆ ಹೊರಗಿನವರು ತುಂಬಿ ಬೆಂಗಳೂರು ಬದಲಾಯಿತು ಅಂತ ಒಂದು ಲೇಖನದಲ್ಲಿ ಓದಿದೆ. 1809ರಲ್ಲಿ ಬ್ರಿಟಿಷ್ ಸೇನೆಯ ದಂಡು ಪ್ರದೇಶ (ಕಂಟೋನ್ಮೆಂಟ್) ಶುರುವಾದ ಮೇಲೆ ಬಂದ ತಮಿಳರು ಯಾವ ಐಟಿಗೆ ಬಂದಿದ್ದರು? ಈಗ ಜಾಸ್ತಿಯಾಗಿರುವುದು ವೇಗ. ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 65 ಲಕ್ಷ, 2011ರಲ್ಲಿ 96 ಲಕ್ಷ.

ಬಂದವರೆಲ್ಲ ಬೇರೆ ರಾಜ್ಯದವರೂ ಅಲ್ಲ. ನಮ್ಮ ಬೀದಿಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್‌ಗಳಲ್ಲಿರುವುದು ರಾಯಚೂರು, ಯಾದಗಿರಿಯವರು. ಬೆಳಿಗ್ಗೆ ಆರಕ್ಕೇ ಜೋಳದ ರೊಟ್ಟಿ ಬಡಿಯುವ ಸದ್ದು. ಅವರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಟಿಂಗ್ ಶಾಪಿನ ಬಿಹಾರದ ಹುಡುಗ ಆರೇ ತಿಂಗಳಲ್ಲಿ "ಸಣ್ಣ ಮಾಡ್ಲಾ ಅಣ್ಣ?" ಅಂತ ಕಲಿತ. ಮೇಲಿನ ಮನೆಯವರಿಗೆ ಹತ್ತು ವರ್ಷವಾದರೂ ಕನ್ನಡ ಬಂದಿಲ್ಲ. ಸುಮ್ನೆ ಅವರನ್ನೇ ಬೈಯುವುದೇಕೆ, ಎದುರು ಸಿಕ್ಕಾಗ ಹಿಂದಿಯಲ್ಲಿ ಮಾತು ಶುರು ಮಾಡುವುದು ನಾವೇ ಅಲ್ವಾ?