ಸುಮ್ನೆ ಬಿಡೋಕೆ ರೇಟ್ ಇಲ್ಲ

ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಒಂದು ಮಾತಿದೆ. ನಮ್ಮ ಬಡಾವಣೆಯಲ್ಲಿ ಕೇಳಿದರು ಸ್ವಾಮಿ. ಅಷ್ಟೊತ್ತಿಗೆ ಮಸಾಲೆ ಅರೆದಾಗಿತ್ತು, ಒಲೆಯೂ ಹೊತ್ತಿತ್ತು ಅನ್ನೋದು ಬೇರೆ ವಿಷಯ. ಕೇಳಿದ್ದಂತೂ ನಿಜ. ಬಂದ ಕೋಳಿಗಳಿಗೆಲ್ಲ ಕಾಫಿ, ಮದ್ದೂರು ವಡೆ ಕೂಡ ಇತ್ತು.

ವಿಷಯ ಪಾರ್ಕಿನದು. ಬೆಂಗಳೂರಿನ ದಕ್ಷಿಣದ ಕಡೆ ನಮ್ಮದೊಂದು ಸಾಧಾರಣ ಬಡಾವಣೆ. ನಡುವೆ ಮುಕ್ಕಾಲು ಎಕರೆಯ ಪಾರ್ಕು. ಒಂದು ಮೂಲೆಯಲ್ಲಿ ಗಣೇಶನ ಗುಡಿ, ಎದುರು ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರು. ಮಧ್ಯೆ ಎರಡು ಹೊಂಗೆ ಮರ, ತುಕ್ಕು ಹಿಡಿದ ಜಾರುಬಂಡೆ, ಒಂದು ಕಡೆ ಸರಪಳಿ ಕಳಚಿದ ಉಯ್ಯಾಲೆ. 2025ರ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ದಿನ ಅಲ್ಲಿ ಬ್ಯಾನರ್ ಕಾಣಿಸಿತು. ‘ಉದ್ಯಾನವನ ಹಾಗೂ ಮಕ್ಕಳ ಆಟದ ತಾಣದ ಸಮಗ್ರ ನವೀಕರಣ: ಸಾರ್ವಜನಿಕರ ಅಭಿಪ್ರಾಯ ಸಂಗ್ರಹ ಸಭೆ.’ ಬ್ಯಾನರನ್ನು ಹೊಂಗೆ ಮರಕ್ಕೇ ಮೊಳೆ ಹೊಡೆದು ಕಟ್ಟಿದ್ದರು. ಮರದ ಅಭಿಪ್ರಾಯ ಅಲ್ಲಿಗೆ ಮುಗಿಯಿತು.

ಸಭೆಗೆ ಸುಮಾರು ನಲವತ್ತು ಜನ ಬಂದರು. ಮುಕ್ಕಾಲು ಪಾಲು ಹಿರಿಯ ನಾಗರಿಕರು. ಮಕ್ಕಳ ಪೈಕಿ ಬಂದಿದ್ದು ಒಬ್ಬಳೇ, ನಮ್ಮ ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿ. ಅದೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂತ ಅವಳ ಅಜ್ಜಿ ಎಳೆದುಕೊಂಡು ಬಂದಿದ್ದು.

ಆಫೀಸಿನಿಂದ ಬಂದ ಎಂಜಿನಿಯರ್ ಸಾಹೇಬರು ಲ್ಯಾಪ್‌ಟಾಪ್ ತೆರೆದು ತ್ರೀಡಿ ಚಿತ್ರ ತೋರಿಸಿದರು. ಅಬ್ಬಾ, ಏನು ಹುಲ್ಲು ಅದು! ಆ ಹಸಿರು ನಾನು ಟೂತ್‌ಪೇಸ್ಟಿನಲ್ಲಿ ಮಾತ್ರ ನೋಡಿದ್ದೆ. ಹುಲ್ಲಿನ ಮೇಲೆ ಚಿನ್ನದ ಬಣ್ಣದ ಕೂದಲಿನ ಮಗುವೊಂದು ಬಲೂನ್ ಹಿಡಿದು ಓಡುತ್ತಿತ್ತು. ಹಿಂದೆ ಕರುವಿನಷ್ಟು ದೊಡ್ಡ ನಾಯಿ. ಬೆಂಚಿನ ಮೇಲೆ ಕೋಟು ಹಾಕಿಕೊಂಡ ಒಬ್ಬ ಕೂತಿದ್ದ. ನಮ್ಮ ಬಡಾವಣೆಯಲ್ಲಿ ಕೋಟು ಹಾಕುವವರು ಇಬ್ಬರೇ, ನಾಲ್ಕನೇ ಕ್ರಾಸಿನ ಲಾಯರು ಮತ್ತು ರಿಸೆಪ್ಷನ್ ದಿನದ ಮದುಮಗ. ಇವನು ಅವರಿಬ್ಬರೂ ಅಲ್ಲ. ಚಿತ್ರದಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿಲ್ಲ, ಗಣೇಶನೂ ಇರಲಿಲ್ಲ. ಹೊಂಗೆ ಮರ ಒಂದೇ ಇತ್ತು.

“ಇನ್ನೊಂದು ಮರ ಎಲ್ಲಿ ಸಾರ್?” ಅಂತ ನಾನು ಕೇಳಿದೆ.

“ಅದು ಗಜೆಬೋದಲ್ಲಿ, ಅಂದ್ರೆ ಕೂರೋ ಮಂಟಪದಲ್ಲಿ, ಅಡ್ಜಸ್ಟ್ ಆಗುತ್ತೆ ಮೇಡಂ.”

ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು ಅಂತ 1976ರಿಂದಲೇ ಕಾಯ್ದೆ ಇದೆ. ಅಡ್ಜಸ್ಟ್ ಮಾಡೋಕೆ ಯಾರ ಅನುಮತಿ ಬೇಕು ಅಂತ ಪಾಪ ಆ ಕಾಯ್ದೆ ಬರೆದವರಿಗೆ ಹೊಳೆದಿರಲಿಲ್ಲ.

“ಟೆಂಡರ್ ಯಾವಾಗ ಸಾರ್?” ಹಿಂದಿನಿಂದ ಯಾರೋ ಕೇಳಿದರು.

“ವರ್ಕ್ ಆರ್ಡರೇ ಆಗಿದೆ. ನಿಮ್ಮ ಸಲಹೆ ಸಿಕ್ಕಿಬಿಟ್ಟರೆ ಫೈಲ್ ಕಂಪ್ಲೀಟ್.”

ಆಗ ಎದ್ದು ನಿಂತವರು ನಮ್ಮ ನಿವೃತ್ತ ಮೇಷ್ಟ್ರು. ಅವರು ಎದ್ದರೆ ಎಲ್ಲರೂ ವಡೆ ಕಡೆ ನೋಡುತ್ತಾರೆ, ಯಾಕೆಂದರೆ ಅವರು ಸಂವಿಧಾನದಿಂದ ಶುರು ಮಾಡುತ್ತಾರೆ. ಮಾಡಿದರು. 74ನೇ ತಿದ್ದುಪಡಿ, ಮೂರು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಿಗೆ ವಾರ್ಡ್ ಸಮಿತಿ ಇರಬೇಕು, ಅದರಲ್ಲಿ ಇಂಥದ್ದೆಲ್ಲ ಚರ್ಚೆ ಆಗಬೇಕು. ನಮ್ಮಲ್ಲಿ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಆಮೇಲೆ ಮೇಷ್ಟ್ರು ಸದಾಶಿವನಗರದ ಕಡೆಯ ಕೇಸಿಗೆ ಬಂದರು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿನ ಜನ ಸುಮ್ಮನಿರಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಗುದ್ದಾಡಿದರು. 1991ರಲ್ಲಿ ತೀರ್ಪು ಬಂತು. ಪಾರ್ಕಿನ ಜಾಗ ಪಾರ್ಕಿಗೇ, ಮುಖ್ಯಮಂತ್ರಿ ಹೇಳಿದರೂ ಬೇರೆಯದಕ್ಕೆ ಕೊಡುವ ಹಾಗಿಲ್ಲ.

ಚಪ್ಪಾಳೆ ಬಿತ್ತು. ನನಗೂ ಮೈ ಜುಮ್ಮೆಂದಿತು. ಆದರೆ ಆ ಜನಕ್ಕೆ ಒಂದು ಅನುಕೂಲ ಇತ್ತು, ನೋಡಿ. ಎದುರಿಗೆ ಇದ್ದವರು ಹೊರಗಿನವರು. ನಮ್ಮ ಪಾರ್ಕಿನ ಮೇಲೆ ಮುಂದಿನ ಒಂದು ಗಂಟೆಯಲ್ಲಿ ನಡೆದಿದ್ದಕ್ಕೆ ಯಾರ ಮೇಲೆ ಕೇಸು ಹಾಕೋದು?

ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಎರಡು ಕಾಲಂ. ಎಡಗಡೆ ‘ಬೇಕು’, ಬಲಗಡೆ ‘ಬೇಡ’. ಹತ್ತು ನಿಮಿಷ ಬಿಟ್ಟು ಹಾಳೆ ಒಟ್ಟುಮಾಡಿದವಳು ನಾನೇ, ಹಾಗಾಗಿ ಕಣ್ಣಾರೆ ಕಂಡಿದ್ದೇನೆ. ಎಡಗಡೆ ಬಹುತೇಕ ಖಾಲಿ. ಹೆಚ್ಚೆಂದರೆ ‘ಬೆಂಚು’, ‘ಸಿಸಿಟಿವಿ’, ಒಬ್ಬರು ‘ಸಂಗೀತ ಕಾರಂಜಿ’. 2024ರ ಬರದಲ್ಲಿ ಗಿಡಕ್ಕೆ ಕುಡಿಯೋ ನೀರು ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಿತ್ತಲ್ಲ, ಅದಾದ ಮರುವರ್ಷದ ಮಾತು ಇದು. ಬಲಗಡೆ ಮಾತ್ರ ಜಾಗ ಸಾಲದೆ ಹಿಂಬದಿಗೆ ಹೋಗಿದ್ದರು.

ಕ್ರಿಕೆಟ್ ಬೇಡ. ಫುಟ್‌ಬಾಲ್ ಬೇಡ. ಒಟ್ಟಿನಲ್ಲಿ ಚೆಂಡೇ ಬೇಡ. ಸೈಕಲ್ ಬೇಡ, ಸ್ಕೇಟಿಂಗ್ ಬೇಡ, ನಾಯಿ ಬೇಡ. ಜೋಡಿಗಳು ಬೇಡ. ಮಲಗೋಕೆ ಆಗುವಂಥ ಬೆಂಚು ಬೇಡ. ಆಟದ ಜಾಗ ನಮ್ಮ ಮನೆ ಕಡೆ ಬೇಡ, ಎದುರುಗಡೆ ಇರಲಿ ಅಂತ ಪೂರ್ವದವರು. ಎದುರುಗಡೆಯವರ ಹಾಳೆಯಲ್ಲೂ ಅದೇ ವಾಕ್ಯ. ಮಕ್ಕಳು ವಾಕಿಂಗ್ ಪಾತ್‌ನಲ್ಲಿ ಓಡೋದು ಬೇಡ, ಹುಲ್ಲಿನ ಮೇಲೆ ಓಡೋದು ಬೇಡ. ಇನ್ನು ಉಳಿದಿದ್ದು ಟ್ರಾನ್ಸ್‌ಫಾರ್ಮರ್ ಸುತ್ತ.

‘ಹೂವು ಕೀಳುವುದನ್ನು ಕಡ್ಡಾಯವಾಗಿ ನಿಷೇಧಿಸಿ’ ಅಂತ ಕೆಂಪು ಇಂಕಿನಲ್ಲಿ ಬರೆದವರು ಎರಡನೇ ಕ್ರಾಸಿನ ಅಂಕಲ್. ಇವರು ದಿನಾ ಬೆಳಗ್ಗೆ ಐದೂಕಾಲಿಗೆ ಕೊಕ್ಕೆ ಕೋಲು, ಪ್ಲಾಸ್ಟಿಕ್ ಕವರ್ ಹಿಡಿದು ಬಂದು ದಾಸವಾಳ, ಕಣಗಿಲೆ ಎಲ್ಲ ಬೋಳಿಸಿಕೊಂಡು ಹೋಗುತ್ತಾರೆ. ಕೇಳಿದೆ. “ದೇವರಿಗೆ ಕೀಳೋದು ಬೇರೆ ಕಣಮ್ಮಾ” ಅಂದರು.

ಮತ್ತೆ ನಡಿಗೆಯ ದಿಕ್ಕಿನ ಪ್ರಶ್ನೆ. 2024ರಲ್ಲಿ ಇಂದಿರಾನಗರದ ಒಂದು ಪಾರ್ಕಿನಲ್ಲಿ ಜಾಗಿಂಗ್ ಮಾಡಬಾರದು, ಎಡಸುತ್ತು ನಡೆಯಬಾರದು ಅಂತ ಬೋರ್ಡ್ ಹಾಕಿ ಊರೆಲ್ಲ ನಕ್ಕಿತ್ತು. ನಮ್ಮವರೂ ಆ ಫೋಟೋ ಫಾರ್ವರ್ಡ್ ಮಾಡಿ ನಕ್ಕಿದ್ದರು. ಈಗ ಅವರೇ ಗಂಭೀರವಾಗಿ ಹೇಳಿದರು, ನಮ್ಮಲ್ಲಿ ಗಣಪತಿ ಇದ್ದಾನೆ, ಪಾರ್ಕಿಗೆ ಸುತ್ತು ಹಾಕಿದರೆ ಅದು ಪ್ರದಕ್ಷಿಣೆ ಲೆಕ್ಕ, ಅಪ್ರದಕ್ಷಿಣೆ ಬಂದರೆ ಬಡಾವಣೆಗೆ ಒಳ್ಳೆಯದಲ್ಲ. ಟ್ರೆಡ್‌ಮಿಲ್ ಮೇಲೆ ನಡೆಯುವವರ ಗತಿ ಏನು ಅಂತ ಕೇಳಬೇಕು ಅನ್ನಿಸಿತು. ಅವರು ಯಾವ ದೇವರನ್ನೂ ಸುತ್ತುವುದಿಲ್ಲ.

ಸಮಯದ ವಿಚಾರಕ್ಕೂ ಹೀಗೇ. ಪಾರ್ಕುಗಳು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆಗೆದಿರುತ್ತವೆ ಅಂತ 2024ರಲ್ಲೇ ಉಪ ಮುಖ್ಯಮಂತ್ರಿಗಳು ಹೇಳಿದ್ದರು. ನಮ್ಮ ಸಂಘದ ಅಧ್ಯಕ್ಷರು ಒಂದು ಬೀಗ ತಂದು ಮೇಜಿನ ಮೇಲೆ ಇಟ್ಟರು. ಹೊಚ್ಚ ಹೊಸದು, ಏಳು ಲಿವರಿನದು. ಪಾರ್ಕಿಗಾಗಿ ಯಾರಾದರೂ ಸ್ವಂತ ದುಡ್ಡು ಖರ್ಚು ಮಾಡಿದ್ದು ಅದೊಂದೇ.

ಇಷ್ಟೆಲ್ಲ ನಡೆಯುವಾಗ ಮೂರನೇ ಕ್ಲಾಸಿನವಳು ತನಗೂ ಒಂದು ಹಾಳೆ ಕೇಳಿ ತಗೊಂಡಿದ್ದಳು. ‘ಬೇಡ’ ಕಾಲಂನಲ್ಲಿ ಏನೂ ಇಲ್ಲ. ‘ಬೇಕು’ ಕಾಲಂನಲ್ಲಿ ಗುಂಡಗೆ ಬರೆದಿದ್ದಳು: ‘1. ಮಣ್ಣು. 2. ನೀರು. 3. ಹತ್ತೋಕೆ ಮರ.’ ಪಕ್ಕದಲ್ಲಿ ಕ್ರೇಯಾನಿನಲ್ಲಿ ಒಂದು ಗುಡ್ಡ, ಗುಡ್ಡದ ಮೇಲೆ ಒಂದು ಬಾವುಟ.

ಎಂಜಿನಿಯರ್ ಸಾಹೇಬರು ಕೆಟ್ಟವರಲ್ಲ. ಹಾಳೆಯನ್ನು ಪೂರ್ತಿ ಓದಿದರು, ನಕ್ಕರು, “ಜಾಣೆ ಪುಟ್ಟಾ” ಅಂದರು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು, “ಇದನ್ನ ಎಸ್ಟಿಮೇಟಿಗೆ ಹೇಗೆ ಹಾಕಲಿ ಮೇಡಂ? ಎಸ್‌ಆರ್‌ನಲ್ಲಿ, ಅಂದ್ರೆ ನಮ್ಮ ಸರ್ಕಾರಿ ರೇಟ್ ಪಟ್ಟಿಯಲ್ಲಿ, ಮಣ್ಣು ಅಗೆಯೋಕೆ ರೇಟ್ ಇದೆ, ತುಂಬೋಕೆ ರೇಟ್ ಇದೆ. ಸುಮ್ನೆ ಬಿಡೋಕೆ ರೇಟ್ ಇಲ್ಲ.”

ಇಡೀ ಸಭೆಯಲ್ಲಿ ಯಾರಾದರೂ ಆಡಿದ ಸತ್ಯವಾದ ಮಾತು ಅದೊಂದೇ ಅಂತ ನನ್ನ ಲೆಕ್ಕ. ಆ ಹಾಳೆ ಆಮೇಲೆ ಕೊನೆಯ ಎರಡು ವಡೆ ಕಟ್ಟಿಕೊಳ್ಳೋಕೆ ಬಳಕೆಯಾಯಿತು. ಕಟ್ಟಿಕೊಂಡು ಹೋದವರು ಯಾರು ಅಂತ ಹೇಳಲಾರೆ, ದಿನಾ ಮುಖ ನೋಡಬೇಕಲ್ಲ.

ಕೆಲಸ ಶುರುವಾಯಿತು. ಮೊದಲ ದಿನವೇ ಒಂದು ಟಿಪ್ಪರ್ ಎಂ ಸ್ಯಾಂಡ್ ಬಂದು ಪಾರ್ಕಿನ ನಡುವೆ ಸುರಿದು ಹೋಯಿತು. ಎರಡನೇ ದಿನ ಹಳೇ ಉಯ್ಯಾಲೆ, ಜಾರುಬಂಡೆ ಕಿತ್ತು ಗಾಡಿಗೆ ಹಾಕಿದರು. ಮೂರನೇ ದಿನ ‘ಅಡ್ಜಸ್ಟ್’ ಆಗಬೇಕಿದ್ದ ಹೊಂಗೆಯ ಕೊಂಬೆಗಳನ್ನು ಇಳಿಸಿ ಅಲ್ಲೇ ರಾಶಿ ಹಾಕಿದರು. ನಾಲ್ಕನೇ ದಿನ ಕಾಂಟ್ರಾಕ್ಟರ್ ಬಿಲ್ ಬಂದಿಲ್ಲ ಅಂತ ಹೋದವರು ನಾಪತ್ತೆ. ಕ್ಯೂರಿಂಗ್‌ಗೆ ಅಂತ ಎಳೆದಿದ್ದ ಪೈಪು ಮಾತ್ರ ಸಂಧಿಯಲ್ಲಿ ತೊಟ್ಟಿಕ್ಕುತ್ತಾ ಉಳಿಯಿತು.

ನನಗೆ ಹೊಳೆಯೋಕೆ ಒಂದು ವಾರ ಬೇಕಾಯಿತು. ಮಣ್ಣು. ನೀರು. ಹತ್ತೋಕೆ ಮರ.

ಅಲ್ಲಿಂದ ಏಳು ತಿಂಗಳು ನಮ್ಮ ಬಡಾವಣೆಯ ಮಕ್ಕಳಿಗೆ ಸುಗ್ಗಿ. ಸ್ಕೂಲ್ ಬಸ್ ಇಳಿದವರು ಬ್ಯಾಗನ್ನು ಅಲ್ಲೇ ಎಸೆದು ರಾಶಿ ಹತ್ತುತ್ತಿದ್ದರು. ಪೈಪು ತೊಟ್ಟಿಕ್ಕುವ ಕಡೆ ಮರಳು ತೇವವಾಗಿ ಗಟ್ಟಿ ನಿಲ್ಲುತ್ತಿತ್ತು, ಅಲ್ಲಿ ಸುರಂಗ ಕೊರೆದರು. ಪ್ಲಂಬರ್ ಬಿಟ್ಟು ಹೋದ ಪಿವಿಸಿ ಬೆಂಡು ಸುರಂಗದ ಬಾಯಿ ಆಯಿತು. ತೆಂಗಿನ ಚಿಪ್ಪು ಸ್ಟೇಷನ್. ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿ ರೈಲು. ನಮ್ಮ ಕಡೆಯ ಮೆಟ್ರೋ ಹಳದಿ ಮಾರ್ಗ ಓಡಿದ್ದು 2025ರ ಆಗಸ್ಟ್ 10ಕ್ಕೆ. ಮಕ್ಕಳ ಮೆಟ್ರೋ ಜೂನ್‌ನಲ್ಲೇ ಓಡಿತು, ರೈಲುಗಳ ಕೊರತೆಯೂ ಇರಲಿಲ್ಲ. ಬೀದಿನಾಯಿಯೊಂದು ರಾಶಿಯ ತಂಪಿನಲ್ಲಿ ಮಲಗಿರುತ್ತಿತ್ತು. ಅದನ್ನು ಎಬ್ಬಿಸದೆ ಸುತ್ತಿ ಹೋಗುವ ಹಾಗೆ ಮಾರ್ಗ ಬದಲಾಯಿಸಿದ್ದರು. ಇದಕ್ಕೆ ಸಭೆ ಕರೆದಿರಲಿಲ್ಲ.

ದೊಡ್ಡವರು ಮಾತ್ರ ಕೊತ ಕೊತ. “ಏನ್ರೀ ಇದು, ಏಳು ತಿಂಗಳಾಯ್ತು, ಮಕ್ಕಳಿಗೆ ಆಡೋಕೆ ಜಾಗ ಇಲ್ಲ” ಅಂತ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಗಲಾಟೆ. ಆ ಮೆಸೇಜು ಬರೆದವರ ಮೊಮ್ಮಗ ಆಗ ಸೊಂಟದವರೆಗೂ ಮರಳಲ್ಲಿ ಹೂತುಕೊಂಡು ಕೂತಿದ್ದ. ನಾನೇ ನೋಡಿದ್ದೆ.

ಕೊನೆಗೆ ಬಿಲ್ ಆಯಿತೋ ಏನೋ, ಕಾಂಟ್ರಾಕ್ಟರ್ ಪ್ರತ್ಯಕ್ಷ. ಇದ್ದ ಮಣ್ಣಿನ ಹಾದಿಯನ್ನೆಲ್ಲ ಮುಚ್ಚಿ ಪೇವರ್ ಬಿತ್ತು. ಮಳೆ ಬಂದರೆ ನೀರು ಇಳಿಯೋಕೆ ದಾರಿಯಿಲ್ಲದೆ ಗಣಪತಿಯ ಮೆಟ್ಟಿಲವರೆಗೂ ಬಂದು ನಿಲ್ಲುತ್ತದೆ, ಪ್ರದಕ್ಷಿಣೆಯವರು ಪಂಚೆ ಎತ್ತಿ ನಡೆಯುತ್ತಾರೆ. ಬೆಂಚುಗಳ ನಡುವೆ ಕಬ್ಬಿಣದ ಸರಳು ಹಾಕಿದ್ದಾರೆ, ಮಲಗಬಾರದಲ್ಲ. ಅದರಿಂದ ತೊಂದರೆಯಾಗಿದ್ದು ಮಧ್ಯಾಹ್ನ ಬುತ್ತಿ ಉಂಡು ಅರ್ಧ ಗಂಟೆ ಅಡ್ಡಾಗುತ್ತಿದ್ದ ಮಾಲಿಗೆ. ಓಪನ್ ಜಿಮ್ ಬಂದಿದೆ. ಅದರ ಒಂದು ಯಂತ್ರದ ಮೇಲೆ ಒಬ್ಬರು ದಿನಾ ಟವೆಲ್ ಒಣಗಿಸುತ್ತಾರೆ. ಪ್ಲಾಸ್ಟಿಕ್ ಜಾರುಬಂಡೆಯನ್ನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿದ್ದಾರೆ. ಮಕ್ಕಳು ಬರೋ ನಾಲ್ಕು ಗಂಟೆಗೆ ಅದರ ಮೇಲೆ ಹಪ್ಪಳ ಒಣಗಿಸಬಹುದು. ನೆರಳು ಕೊಡುತ್ತಿದ್ದ ಹೊಂಗೆ ಅಡ್ಜಸ್ಟ್ ಆಗಿಬಿಟ್ಟಿತ್ತು.

ಎಲ್ಲಕ್ಕಿಂತ ಮೊದಲು ಮುಗಿದು ನಿಂತಿದ್ದು ಬೋರ್ಡು. ಗ್ರಾನೈಟ್‌ನದು, ಆಳೆತ್ತರ. ಇಪ್ಪತ್ತಾರು ‘ಬೇಡ’ಗಳು ಒಂದೂ ಬಿಡದೆ ಕೆತ್ತಲ್ಪಟ್ಟಿವೆ. ಅಭಿಪ್ರಾಯ ಸಂಗ್ರಹ ಮಾಡಿದರು, ಆದರೆ ಲೆಕ್ಕಕ್ಕೆ ತಗೊಳ್ಳಲಿಲ್ಲ ಅಂತ ಯಾರೂ ದೂರುವ ಹಾಗಿಲ್ಲ. ಅಷ್ಟರಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಊರಿಗೆ ಒಂದೇ ಇದ್ದ ಪಾಲಿಕೆ ಐದಾಯಿತು. ಗ್ರಾನೈಟ್ ಮೇಲಿನ ಹೆಸರು ಹಳೇದಾಯಿತು. ಹೆಸರು ತಿದ್ದುವ ತನಕ ಉದ್ಘಾಟನೆ ಬೇಡ ಅಂದರು, ಆ ಲೆಕ್ಕದಲ್ಲಿ ಮರಳು ರಾಶಿಗೆ ಇನ್ನೂ ಮೂರು ವಾರ ಆಯಸ್ಸು ಸಿಕ್ಕಿತು.

ಉದ್ಘಾಟನೆಯ ಹಿಂದಿನ ರಾತ್ರಿ ಜೆಸಿಬಿ ಬಂತು. ಬೆಳಗ್ಗೆ ನೋಡಿದರೆ ರಾಶಿ ಇಲ್ಲ, ಮೆಟ್ರೋ ಇಲ್ಲ, ಕೊಂಬೆಗಳಿಲ್ಲ. ನಾಯಿ ಮಾತ್ರ ಇದ್ದ ಜಾಗದಲ್ಲೇ ಬಿಸಿ ಪೇವರ್ ಮೇಲೆ ಕೂತು ಸುತ್ತ ನೋಡುತ್ತಿತ್ತು. ಟೇಪ್ ಕತ್ತರಿಸಿದರು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ‘ಮಕ್ಕಳ ಬಹುದಿನಗಳ ಕನಸು ನನಸು’ ಅಂತ ಭಾಷಣವೂ ಆಯಿತು. ಹನ್ನೊಂದೂವರೆಗೆ ಅಧ್ಯಕ್ಷರು ಏಳು ಲಿವರಿನ ಬೀಗ ಹಾಕಿದರು.

ಮೊನ್ನೆ ಭಾನುವಾರ ಹಾಲು ತರೋಕೆ ಹೋಗಿದ್ದೆ. ಐದನೇ ಕ್ರಾಸಿನಲ್ಲಿ ಯಾರದೋ ಮನೆ ಕಟ್ಟುತ್ತಿದ್ದಾರೆ. ಲಾರಿಯೊಂದು ಹಿಂದೆ ಹಿಂದೆ ಬಂದು, ತೊಟ್ಟಿ ಎತ್ತಿ, ಭರ್ರ್ ಅಂತ ಮರಳು ಸುರಿಯಿತು. ರಸ್ತೆ ಅಂಚಿನಲ್ಲಿ ನಮ್ಮ ಮೂರನೇ ಕ್ಲಾಸಿನವಳು, ಈಗ ನಾಲ್ಕನೇ ಕ್ಲಾಸು, ಇಬ್ಬರು ಚಿಕ್ಕವರ ಕೈ ಹಿಡಿದು ನಿಂತಿದ್ದಳು. ಧೂಳು ಅಡಗುವವರೆಗೆ ಕಾದು ಡ್ರೈವರ್ ಹತ್ತಿರ ಹೋದಳು.

“ಅಣ್ಣಾ, ಇದು ಎಷ್ಟು ದಿನ ಇರುತ್ತೆ?”

“ಯಾಕವ್ವಾ? ಓನರ್ ಹತ್ರ ದುಡ್ಡು ಖಾಲಿಯಂತೆ. ಇನ್ನು ಮೂರು ತಿಂಗಳು ಎಲ್ಲೂ ಹೋಗಲ್ಲ.”

ಅವಳು ಚಪ್ಪಲಿ ಬಿಚ್ಚಿದಳು.