ಸತ್ಯಾಂಶ: ಅನ್ನ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆಯೇ?

ಹಾಸನದ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಈ ವಾರ ಮತ್ತೆ ಬಂದ ಸಂದೇಶ: 'ಸಕ್ಕರೆಯೇ ಕ್ಯಾನ್ಸರ್‌ನ ಆಹಾರ. ಅನ್ನ, ಮುದ್ದೆ, ಬೆಲ್ಲ ನಿಲ್ಲಿಸಿ, ಗಡ್ಡೆ ತಾನೇ ಕರಗುತ್ತದೆ.' ಇದು ಸುಳ್ಳು.

ಸುಳ್ಳಿಗೂ ಒಂದು ಬೇರಿದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು (ಅನ್ನ, ಸಕ್ಕರೆ ಜೀರ್ಣವಾಗಿ ರಕ್ತ ಸೇರುವ ಸಕ್ಕರೆ) ಜಾಸ್ತಿ ಬಳಸುತ್ತವೆ ಎಂಬುದನ್ನು ಜರ್ಮನಿಯ ವಿಜ್ಞಾನಿ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಆದರೆ ಮಿದುಳು, ರಕ್ತಕಣಗಳಿಗೂ ಅದೇ ಗ್ಲೂಕೋಸ್ ಬೇಕು. ನೀವು ತಿನ್ನದಿದ್ದರೆ ಪಿತ್ತಜನಕಾಂಗ ಅದನ್ನು ತಯಾರಿಸುತ್ತದೆ, ಮೈಯ ಮಾಂಸಖಂಡವನ್ನೇ ಕರಗಿಸಿಯಾದರೂ. ಸೊರಗುವುದು ಗಡ್ಡೆಯಲ್ಲ, ರೋಗಿ.

ಕೀಮೋಗೆ (ಕ್ಯಾನ್ಸರ್‌ನ ಔಷಧಿ ಚಿಕಿತ್ಸೆಗೆ) ಹೋದಾಗ ಸಿಸ್ಟರ್ ಮೊದಲು ತಕ್ಕಡಿ ಮೇಲೆ ನಿಲ್ಲಿಸುವುದು ಸುಮ್ಮನೆ ಅಲ್ಲ. ಎಷ್ಟೋ ಔಷಧಿಗಳ ಪ್ರಮಾಣ ನಿಮ್ಮ ಎತ್ತರ, ತೂಕದ ಲೆಕ್ಕದಲ್ಲೇ ನಿಗದಿಯಾಗುತ್ತದೆ. ತೂಕ ಇಳಿದಿದ್ದರೆ "ಅಮ್ಮಾ, ಬೆಳಿಗ್ಗೆ ಏನು ತಿಂದ್ರಿ?" ಎನ್ನುತ್ತಾರೆ. ಫಾರ್ವರ್ಡ್ ನಂಬಿ ಅನ್ನ ಬಿಟ್ಟಿದ್ದರೆ ಮುಚ್ಚಿಡಬೇಡಿ, ಅವರು ಬೈಯುವುದಿಲ್ಲ (ಸ್ವಲ್ಪ ಬೈದರೂ ಬೈಯಲಿ). ಬಾಯಿ ಹುಣ್ಣಾಗಿದ್ದರೆ ಮೆತ್ತಗಿನ ಮುದ್ದೆ, ಖಾರವಿಲ್ಲದ ಬೇಳೆಸಾರು, ಬೆಂದ ಮೊಟ್ಟೆ, ಸ್ವಲ್ಪಸ್ವಲ್ಪವೇ, ದಿನಕ್ಕೆ ಐದಾರು ಸಲ.

ಸಕ್ಕರೆ ಕಾಯಿಲೆ ಇದ್ದವರ ಪಥ್ಯ ಬೇರೆ, ಅದನ್ನು ಡಾಕ್ಟರನ್ನೇ ಕೇಳಿ.