ಅಯಸ್ಕಾಂತ ಯಾರ ಕೈಯಲ್ಲಿತ್ತು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಪ್ರತಿ ವರ್ಷ ಅದೇ ತಲೆಬರಹ: ವಿದ್ಯಾರ್ಥಿನಿಯರದೇ ಮೇಲುಗೈ. ಓದಿ ಖುಷಿಪಡುತ್ತೇನೆ. ಆದರೆ ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಯೊಂದರ ಡಿಸೈನ್ ವಿಭಾಗದಲ್ಲಿ ಕೆಲಸ ಮಾಡುವ ನನಗೆ, ಆ ಮೇಲುಗೈ ಸಾಧಿಸಿದ ಹುಡುಗಿಯರೆಲ್ಲ ಆಮೇಲೆ ಎಲ್ಲಿ ಹೋದರು ಎಂಬ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಮದುವೆ, ದೂರದ ಕಾಲೇಜು, ಹಾಸ್ಟೆಲ್ ಖರ್ಚು, ಬಸ್ಸಿಲ್ಲದ ಊರು ಎಲ್ಲವೂ ಕಾರಣಗಳೇ. ಅವುಗಳ ಬಗ್ಗೆ ಬೇಕಾದಷ್ಟು ಮಾತಾಡಿದ್ದೇವೆ. ನಾನು ಹೇಳುವುದು ಅದಕ್ಕೂ ಹಿಂದಿನ ಮಾತು. ಹುಡುಗಿಯೊಬ್ಬಳು ವಿಜ್ಞಾನಕ್ಕೋ ವಿನ್ಯಾಸಕ್ಕೋ ಹೋಗುತ್ತಾಳೆಯೇ ಎಂಬುದು ಪಿಯುಸಿ ಅರ್ಜಿ ತುಂಬುವಾಗ ತೀರ್ಮಾನವಾಗುವುದಿಲ್ಲ. ಐದು, ಆರು, ಏಳನೇ ಇಯತ್ತೆಯಲ್ಲೇ ಅದು ಬಹುಪಾಲು ಆಗಿ ಹೋಗಿರುತ್ತದೆ.

ಯಾವುದೇ ಶಾಲೆಗೆ ಹೋದರೂ ನಾನು ನೋಡುವುದು ಒಂದನ್ನೇ. ವಿಜ್ಞಾನದ ಪೆಟ್ಟಿಗೆ ತೆರೆದಾಗ ಸಾಮಾನು ಯಾರ ಕೈಗೆ ಹೋಗುತ್ತದೆ? ಅಯಸ್ಕಾಂತ, ಬ್ಯಾಟರಿ, ವೈರು, ಪುಟ್ಟ ಬಲ್ಬು ಹುಡುಗರ ಕೈಗೆ. ಹುಡುಗಿಯರು ಸುತ್ತ ನಿಂತು ನೋಡುತ್ತಾರೆ, ಆಮೇಲೆ ವಹಿಯಲ್ಲಿ ಸ್ಕೇಲಿಟ್ಟು ಚಂದದ ಚಿತ್ರ ಬಿಡಿಸುತ್ತಾರೆ. ಹತ್ತಕ್ಕೆ ಹತ್ತು ಅಂಕ ಅವರಿಗೇ. ಬಲ್ಬು ಹತ್ತದೇ ಇದ್ದಾಗ ವೈರು ಬಿಚ್ಚಿ ಮತ್ತೆ ಜೋಡಿಸಿ ತಪ್ಪು ಹುಡುಕಿದ ಅನುಭವ ಮಾತ್ರ ಹುಡುಗರಿಗೆ. ಯಾವ ಶಿಕ್ಷಕರೂ ಬೇಕೆಂದು ಹೀಗೆ ಮಾಡುವುದಿಲ್ಲ. ಮುಂದೆ ನುಗ್ಗಿದವನ ಕೈಗೆ ಸಾಮಾನು ಸಿಗುತ್ತದೆ, ನುಗ್ಗಬೇಡ ಎಂದು ಮನೆಯಲ್ಲಿ ಹೇಳಿಸಿಕೊಂಡವಳು ಹಿಂದೆ ಉಳಿಯುತ್ತಾಳೆ, ಅಷ್ಟೇ. ಆದರೆ ಯಂತ್ರದ ಮುಂದೆ ಕೂತಾಗ ಬೇಕಾಗುವುದು ಆ ತಪ್ಪು ಹುಡುಕುವ ಧೈರ್ಯವೇ.

ನಮ್ಮ ಸರಕಾರಿ ಶಾಲೆಗಳಲ್ಲಿ ಒಂದು ಒಳ್ಳೆಯ ಕ್ರಮ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ, ಆಮೇಲೆ ರಾಜ್ಯದ ಎಲ್ಲ ಸರಕಾರಿ ಶಾಲೆಗಳಿಗೂ ಬಂತು. ಒಂದರಿಂದ ಮೂರನೇ ಇಯತ್ತೆವರೆಗೆ ಮಕ್ಕಳು ಗುಂಪಾಗಿ ಕೂತು ಕಾರ್ಡು, ಕಲ್ಲು, ಕಡ್ಡಿ ಮುಟ್ಟಿ ಕಲಿಯುತ್ತಾರೆ. ಅಲ್ಲಿ ಹುಡುಗಿಯ ಕೈ ಹಿಂದೆ ಬೀಳುವುದಿಲ್ಲ. ನಾಲ್ಕನೇ ಇಯತ್ತೆಗೆ ಬಂದರೆ ಸಾಲು, ಬೆಂಚು, ನೋಟ್ಸು. ನನ್ನ ಸಿಟ್ಟೆಲ್ಲ ಆ ನಾಲ್ಕನೇ ಇಯತ್ತೆಯ ಮೇಲೆ.

ನಾನು ಇಳಕಲ್ಲಿನ ನೇಕಾರರ ಮನೆಯವಳು. ಕುಣಿಮಗ್ಗದ ಸಪ್ಪಳದಲ್ಲೇ ಬೆಳೆದವಳು. ಆರನೇ ಇಯತ್ತೆಯಲ್ಲಿ ಗಣಿತ ಕಲಿಸಿದ ಅಕ್ಕಾರು ಒಂದು ದಿನ ಕಸೂತಿಯ ಗೋಪುರವನ್ನು ಬೋರ್ಡಿನ ಮೇಲೆ ಬರೆದು, ಪೆನ್ಸಿಲ್ ಎತ್ತದೆ, ಒಂದೇ ಗೆರೆಯ ಮೇಲೆ ಎರಡು ಸಲ ಹೋಗದೆ ಇದನ್ನು ಬಿಡಿಸಿ ಎಂದರು. ಹುಡುಗರು, ಹುಡುಗಿಯರು ಯಾರಿಗೂ ಬರಲಿಲ್ಲ. ಆಗ ಹಿಂದಿನ ಸಾಲಿನ, ತಾಯಿಯ ಜೊತೆ ಕಸೂತಿ ಹಾಕುತ್ತಿದ್ದ ಹುಡುಗಿಯನ್ನು ಕರೆದರು. "ನೀ ಸೂಜೀಲೆ ಹ್ಯಾಂಗ ಮಾಡ್ತಿ, ತೋರಸವಾ." ಅವಳು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಹೋಗೂಮುಂದ ಒಂದ ಬಿಟ್ಟ ಒಂದ ಹೊಲೀತೀನ್ರಿ ಅಕ್ಕಾರ, ಬರೂಮುಂದ ಬಿಟ್ಟದ್ದ ತುಂಬ್ತೀನ್ರಿ."

ಗವಂತಿ ಹೊಲಿಗೆ ಅಂದರೆ ಅದೇ. ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಗಂಟು ಹಾಕುವ ಹಾಗಿಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ತಾರ. ಅಕ್ಕಾರು ಪ್ರತಿ ಮೂಲೆಯಲ್ಲಿ ಎಷ್ಟು ಗೆರೆ ಕೂಡುತ್ತವೆ ಎಂದು ನಮ್ಮಿಂದ ಎಣಿಸಿದರು. ಬೆಸ ಸಂಖ್ಯೆಯ ಗೆರೆ ಕೂಡುವ ಮೂಲೆಗಳು ಎರಡಕ್ಕಿಂತ ಹೆಚ್ಚಿದ್ದರೆ ಪೆನ್ಸಿಲ್ ಸೋಲುತ್ತದೆ. ಸೂಜಿ ಪ್ರತಿ ಗೆರೆಯಲ್ಲೂ ಹೋಗಿ ಬರುವುದರಿಂದ ಎಲ್ಲ ಮೂಲೆಯೂ ಸಮಸಂಖ್ಯೆ. ಹಾಗಾಗಿ ಗೆರೆಗಳೆಲ್ಲ ಒಂದಕ್ಕೊಂದು ಕೂಡಿದ್ದರೆ ಎಂಥ ಚಿತ್ತಾರವಾದರೂ ಹೊರಟ ಜಾಗಕ್ಕೇ ಬಂದು ಮುಗಿಯುತ್ತದೆ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಸುತ್ತಿ ಬರಬಹುದೇ ಎಂಬ ಸಮಸ್ಯೆ ಬಿಡಿಸಿದ್ದು ಇದೇ ಸಮ-ಬೆಸದ ಲೆಕ್ಕದಿಂದ. ಹೆಸರು ಆಗ ನಮಗ್ಯಾರಿಗೂ ಬಾಯಿಗೆ ಹತ್ತಲಿಲ್ಲ. ಆದರೆ ನಮ್ಮ ಅವ್ವಂದಿರ ಕೈಯಲ್ಲಿ ಇರುವುದು ಗಣಿತ ಎಂದು ಆ ವರ್ಗದ ಹುಡುಗಿಯರಿಗೆ ಗೊತ್ತಾಯಿತು.

ಆಮೇಲೆ ನಾನು ಮನೆಯ ಮಗ್ಗವನ್ನು ನೋಡುವ ರೀತಿಯೇ ಬದಲಾಯಿತು. ಸೆರಗಿನ ಹಾಸನ್ನು, ಅಂದರೆ ಉದ್ದ ಎಳೆಗಳನ್ನು, ಸೀರೆಯ ಮೈಯ ಹಾಸಿನ ಜೊತೆ ಕೊಂಡಿ ಹಾಕಿ ಕೂಡಿಸುವುದು, ನೇಯುವಾಗ ಎಳೆ ಡೊಂಕಾಗಿ ಬಟ್ಟೆ ಗಿಡ್ಡಾಗುತ್ತದೆ ಎಂದು ಹಾಸನ್ನು ಮೊದಲೇ ಉದ್ದ ಇಡುವುದು. ಈಗ ನನ್ನ ಕೆಲಸವೂ ಅದೇ ಜಾತಿಯದು. ಕರಗಿದ ಬೀಡುಕಬ್ಬಿಣ ತಣ್ಣಗಾಗುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ, ಹಾಗಾಗಿ 1000 ಮಿಲಿಮೀಟರಿನ ಕಾಸ್ಟಿಂಗ್ (ಎರಕದ ಭಾಗ) ಬೇಕಾದರೆ, ಅಚ್ಚು ತೆಗೆಯುವ ಮಾದರಿಯಾದ ಪ್ಯಾಟರ್ನನ್ನು 1010ಕ್ಕೆ ಬರೆಯಬೇಕು. ಕಾಲೇಜಿನಲ್ಲಿ ಈ ಪಾಠ ಬಂದಾಗ ನನಗೆ ಹೊಸದೆನಿಸಲಿಲ್ಲ.

ಇದು ನನ್ನೊಬ್ಬಳ ಮಾತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಟ್ಟಿ ಬೆಳೆಸಿದ, 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅವರು ಮೊದಲು ಓದಿದ್ದು ಸ್ವಂತ ಅಜ್ಜಿ ಕಮಲಮ್ಮ ದಾಸಪ್ಪ ಅವರು ಕಟ್ಟಿದ ಶಾಲೆಯಲ್ಲಿ. ಆ ಅಜ್ಜಿ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅಂಥ ಅಜ್ಜಿ ಎಲ್ಲ ಮನೆಯಲ್ಲೂ ಇರುವುದಿಲ್ಲ. ಅದಕ್ಕೇ ಸರಕಾರಿ ಶಾಲೆ ಆ ಜಾಗ ತುಂಬಬೇಕು.

ಪಾಠಕ್ಕೆ ಬೇಕಾದ್ದೆಲ್ಲ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಯಲ್ಲೇ ಇದೆ. ಶಾಲೆಯ ಪ್ರವಾಸದಲ್ಲಿ ಮಕ್ಕಳು ಗೋಲಗುಮ್ಮಟದ ಮೇಲೇರಿ ಕೂಗಿ, ಸಿಳ್ಳೆ ಹೊಡೆದು ಇಳಿದು ಬರುತ್ತಾರೆ. ಕೂಗಲಿ, ಆ ವಯಸ್ಸೇ ಅದು. ಆದರೆ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ದನಿ ಸೆಕೆಂಡಿಗೆ 340 ಮೀಟರಿನಷ್ಟು ಓಡುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಲು ಗೋಡೆ 17 ಮೀಟರಾದರೂ ದೂರ ಇರಬೇಕು ಎಂದು ಪುಸ್ತಕದಲ್ಲಿದೆ. ಹಿಂದಿನ ದಿನ ವರ್ಗದಲ್ಲಿ ಈ ಲೆಕ್ಕ ಮಾಡಿಸಿ, ಮೇಲೆ ಹೋದಾಗ ಹುಡುಗಿಯರಿಂದಲೇ ಮೊದಲು ಕೂಗಿಸಿದರೆ ಎಷ್ಟು ಚಂದ! ಅಷ್ಟು ದೊಡ್ಡ ಗುಮ್ಮಟವನ್ನು ಒಂದನ್ನೊಂದು ಹಾಯ್ದ ಕಮಾನುಗಳು ಹೇಗೆ ಹೊತ್ತಿವೆ ಎಂದು ಕೆಳಗೆ ಕೂತು ಬರೆಸಿದರೆ ಅದು ವಿನ್ಯಾಸದ ಪಾಠವೂ ಹೌದು.

ವಿನ್ಯಾಸದ ವಿಷಯದಲ್ಲಿ ಪಾಲಕರಿಗೂ ಒಂದು ಮಾತು ಹೇಳಬೇಕು. "ಚಿತ್ರಾ ತಗದ ಹೊಟ್ಟಿ ತುಂಬತೈತೇನ?" ಎಂದು ಕೇಳುತ್ತೀರಿ. ಇಳಕಲ್ ಸೀರೆಗೆ, ಗುಳೇದಗುಡ್ಡದ ಖಣಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಕಂಡಿಕೆ ಸುತ್ತುವ, ಬಣ್ಣದ ಎಳೆ ಆರಿಸುವ ಹೆಣ್ಣುಮಕ್ಕಳು ಪ್ರತಿ ಮನೆಯಲ್ಲಿದ್ದಾರೆ. ಅವರ ಮಕ್ಕಳಿಗೆ ಎನ್‌ಐಡಿ, ನಿಫ್ಟ್ ಎಂಬ ವಿನ್ಯಾಸ ಕಲಿಸುವ ಸಂಸ್ಥೆಗಳಿವೆ, ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಚಿತ್ರವನ್ನೂ ಯೋಚನೆಯನ್ನೂ ನೋಡುತ್ತಾರೆ ಎಂದು ಏಳನೇ ಇಯತ್ತೆಯಲ್ಲಿ ಹೇಳುವವರು ಬೇಕು. ಪರೀಕ್ಷೆ ಹತ್ತಿರ ಬಂದ ಕೂಡಲೇ ಚಿತ್ರಕಲೆಯ ಅವಧಿಯನ್ನು ಕಿತ್ತು ಗಣಿತಕ್ಕೆ ಕೊಡುವ ಪದ್ಧತಿ ನಿಲ್ಲಬೇಕು.

ನನ್ನ ಫ್ರೆಂಡ್ ಲಿಸ್ಟಿನಲ್ಲಿ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ತುಂಬ ಜನ ಇದ್ದೀರಿ. ಕೈಮುಗಿದು ಕೇಳುತ್ತೇನೆ. ಮುಂದಿನ ಸಲ ವಿಜ್ಞಾನದ ಪೆಟ್ಟಿಗೆ ತೆರೆದಾಗ ಸಾಮಾನು ಮೊದಲು ಹುಡುಗಿಯರ ಕೈಗೆ ಕೊಡ್ರಿ, ವಹಿ ಹುಡುಗರ ಕೈಗೆ ಕೊಡ್ರಿ. ಮರುವಾರ ಅದಲುಬದಲು ಮಾಡ್ರಿ. ಎಸ್‌ಡಿಎಂಸಿ ಸಭೆಯಲ್ಲಿ ಗೋಡೆಗೆ ಬಣ್ಣ, ಗೇಟಿಗೆ ಬೀಗ ಆದಮೇಲೆ, ನಮ್ಮ ಶಾಲೆಗೆ ಚಿತ್ರಕಲಾ ಶಿಕ್ಷಕರು ಯಾವಾಗ ಬರುತ್ತಾರೆ ಎಂದೂ ಬರೆದು ಕೇಳ್ರಿ. ಅರ್ಜಿ ಬರೆಯಲು ಸಹಾಯ ಬೇಕಿದ್ದರೆ ಇನ್‌ಬಾಕ್ಸಿಗೆ ಬರ್ರಿ, ಕೂತು ಬರೆದುಕೊಡುತ್ತೇನೆ.